ಬಿಸಿನೀರಿನ ಕೋಣೆಗೆ ಎರಡನೆಯ ಆಕರ

ಗ್ರಂಥಾಲಯದ ರಿಪೇರಿ ಕೋಣೆ
ಮಂಗಳವಾರ, ಬೆಳಿಗ್ಗೆ ಹನ್ನೊಂದು

ಎಲೈ ಬೆಂಕಿಪೊಟ್ಟಣವೇ,

ಫೋನಿನಲ್ಲಿ ನೀನು ಬೈದದ್ದು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. "ನಾನು ಮುಖ್ಯ ಅಲ್ಲ ಅಂತ ಎಲ್ರಿಗೂ ಕಾಣೋ ಹಾಗೆ ಬೋರ್ಡು ಹಾಕ್ಸೋಕೆ ನಿನಗೆ ಯಾರೇ ಹೇಳಿದ್ದು?" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟೆ. ಆಮೇಲೆ ನಾನೇ ನಾಲ್ಕು ಸಲ ಮಾಡಿದೆ. ಐದನೆಯ ಸಲ ನಿನ್ನ ಮಗಳು ಎತ್ತಿದಳು. "ಆಂಟಿ, ಈಗ ಬೇಡ. ಅಮ್ಮ ಮಡಚಿದ ಬಟ್ಟೇನೇ ಬಿಚ್ಚಿ ಬಿಚ್ಚಿ ಮಡಚ್ತಾ ಇದಾಳೆ" ಅಂದಳು. ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲಿಕ್ಕೆ ನಿನ್ನಿಂದ ಆಗುವುದಿಲ್ಲ. ಹರಿದು ಹಾಕಬಹುದು, ಆದರೆ ಓದದೆ ಹರಿಯುವ ಪೈಕಿ ಅಲ್ಲ ನೀನು.

ಮೊದಲು ಆದದ್ದನ್ನು ನೆಟ್ಟಗೆ ಹೇಳುತ್ತೇನೆ. ಇಂಟರ್‌ನೆಟ್ಟಿನಲ್ಲಿ ಆ ವಿಶ್ವಕೋಶ ಇದೆಯಲ್ಲ, ಯಾರು ಬೇಕಾದರೂ ಬರೆಯಬಹುದಾದದ್ದು, ಅದರಲ್ಲಿ ಎರಡು ವರ್ಷದಿಂದ ಪುಸ್ತಕಗಳ ಬಗ್ಗೆ ಪುಟ ಬರೆಯುತ್ತಿದ್ದೇನೆ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಮುರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತೇನೆ, ಗೋಂದು ಹಚ್ಚುತ್ತೇನೆ, ಇಕ್ಕಳಕ್ಕೆ ಸಿಕ್ಕಿಸುತ್ತೇನೆ. ಗೋಂದು ಒಣಗುವ ಹೊತ್ತಿನಲ್ಲಿ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಮೂರು ವಾರದ ಹಿಂದೆ ನಿನ್ನ 'ಬಿಸಿನೀರಿನ ಕೋಣೆ'ಗೂ ಒಂದು ಪುಟ ಮಾಡಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಹನ್ನೊಂದು ಸಾಲು ಬರೆದಿದ್ದೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದ ಹೆಂಗಸು ಬರೆದ ಪುಸ್ತಕ. ಜೊತೆಗೆ ದುಡಿದ ಹದಿನೇಳು ಹೆಂಗಸರ ಕೈಗಳ ಬಗ್ಗೆ ಹದಿನೇಳು ಅಧ್ಯಾಯ: ಯಾರ ಕೈಗೆ ಹಬೆ ಬಡಿಯಿತು, ಯಾರ ಉಗುರು ಸೋಡಾದಲ್ಲಿ ಉದುರಿತು, ಹಾಸಿಗೆ ಬಟ್ಟೆಯಲ್ಲಿ ಡಾಕ್ಟರು ಬಿಟ್ಟ ಸೂಜಿ ಯಾರ ಅಂಗೈ ದಾಟಿತು. ಅರವತ್ತನಾಲ್ಕು ಪುಟ, ಮೂರು ಮುದ್ರಣ, ಮೂರೂ ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಗೇಟಿನಲ್ಲೇ ಖರ್ಚಾದವು. ಇಷ್ಟೇ. ಒಂದು ವಿಶೇಷಣ ಕೂಡ ಹಾಕಿರಲಿಲ್ಲ ಕಣೇ, ನನ್ನಂಥವಳು!

ಕಳೆದ ಶುಕ್ರವಾರ ಆ ಹನ್ನೊಂದು ಸಾಲಿನ ನೆತ್ತಿಯ ಮೇಲೆ, ನೀನು ಬೋರ್ಡು ಅಂದೆಯಲ್ಲ, ಆ ಚೌಕ ಬಂದು ಕೂತಿತು, ನಿನ್ನ ಮಗಳು ಭಾನುವಾರ ನೋಡಿ ನಿನಗೆ ಓದಿ ಹೇಳಿದ್ದು ಅದನ್ನೇ. 'ಈ ಪುಸ್ತಕಕ್ಕೆ ಪ್ರತ್ಯೇಕ ಪುಟ ಇರುವಷ್ಟು ಮಹತ್ವ ಕಾಣುವುದಿಲ್ಲ. ಏಳು ದಿನದಲ್ಲಿ ಆಕರ ಸಿಗದಿದ್ದರೆ ಅಳಿಸಲಾಗುವುದು.' ಹಾಕಿದ್ದು ನಾನಲ್ಲ. ಅಲ್ಲಿ 'ಜರಡಿ' ಅನ್ನುವ ಹೆಸರಿನಲ್ಲಿ ಕೆಲಸ ಮಾಡುವ ಒಬ್ಬ ಮಹಾನುಭಾವ. ಮುಖ ನೋಡಿಲ್ಲ. ಎಲ್ಲೋ ಹವಾಮಾನ ಕಚೇರಿಯಲ್ಲಿ ಗುಮಾಸ್ತನಂತೆ. ಮಳೆಯನ್ನೂ ಪುಸ್ತಕವನ್ನೂ ಒಂದೇ ಗಾಜಿನ ಕೊಳವೆಯಲ್ಲಿ ಅಳೆಯುವ ಮನುಷ್ಯ.

ಅವನ ನಿಯಮ ಎರಡು ಸಾಲಿನದು. ಪುಸ್ತಕಕ್ಕೆ ಸಂಬಂಧವಿಲ್ಲದ ಇಬ್ಬರು, ಬೇರೆ ಬೇರೆ ಕಡೆ, ಆ ಪುಸ್ತಕದ ಬಗ್ಗೆ ವಿಸ್ತಾರವಾಗಿ ಅಚ್ಚಿನಲ್ಲಿ ಬರೆದಿರಬೇಕು. ಹೊಗಳಿರಬೇಕಂತಿಲ್ಲ, ಉಗಿದಿದ್ದರೂ ಆಯಿತು. ಆದರೆ ಬರೆದವರು ಹೊರಗಿನವರಾಗಿರಬೇಕು. ಇದಕ್ಕೆ 'ಸ್ವತಂತ್ರ ಆಕರ' ಅಂತ ಹೆಸರು.

ನಾನು ಸುಮ್ಮನಿದ್ದೆನೇ? ಶನಿವಾರ ಪೂರ್ತಿ ಆ ಚರ್ಚೆಯ ಪುಟದಲ್ಲಿ ಕಾದಾಡಿದೆ. ಈ ಪುಸ್ತಕ ಬಂದ ಮೇಲೇ ಆ ಆಸ್ಪತ್ರೆಯಲ್ಲಿ ಸೂಜಿ ಇರಬಹುದಾದ ಬಟ್ಟೆಗೆ ಬೇರೆ ಕೆಂಪು ಚೀಲ ಬಂತು, ಇವತ್ತಿಗೂ ಇದೆ, ಹೋಗಿ ನೋಡಿ ಅಂದೆ. "ಕೆಂಪು ಚೀಲ ಆಕರ ಅಲ್ಲ ಮೇಡಂ" ಅಂತ ಬರೆದ. ಮೂರು ಮುದ್ರಣ ನನ್ನ ಕೈಯಾರೆ ಹೊಲಿದಿದ್ದೇನೆ ಅಂದೆ. "ಹಾಗಾದ್ರೆ ನೀವು ಪುಸ್ತಕಕ್ಕೆ ಸಂಬಂಧಪಟ್ಟವರು. ನಿಮ್ಮ ಮಾತು ಲೆಕ್ಕಕ್ಕಿಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂದ. ಬೇಜಾರಂತೆ! ಮೈಯೆಲ್ಲ ಉರಿದುಹೋಯಿತು. ಕೊನೆಗೆ ದಾದಿಯರ ಶಾಲೆಯ ಪಠ್ಯಪುಸ್ತಕ ಹುಡುಕಿ ತೆಗೆದೆ. ಅದರಲ್ಲಿ ನಿನ್ನ ಮೂರು ಅಧ್ಯಾಯದ ಬಗ್ಗೆ ಎರಡು ಪುಟ ಇದೆ. ಅದನ್ನು ಒಪ್ಪಿದ. "ಒಂದಾಯ್ತು. ಇನ್ನೊಂದು ತನ್ನಿ" ಅಂದ.

ಎಲ್ಲಿಂದ ತರಲಿ? ನೆನಪಿದೆಯಾ, ಪುಸ್ತಕ ಬಂದಾಗ ನಾಲ್ಕು ಪತ್ರಿಕೆಗಳ ಕಚೇರಿಗೆ ನಾನೇ ನಡೆದು ಪ್ರತಿ ಕೊಟ್ಟು ಬಂದೆ. ಒಂದು ಕಡೆ ಉಪಸಂಪಾದಕ ಪುಸ್ತಕವನ್ನು ತಿರುವಿ ಹಾಕಿ "ಬರೆದವರು ಏನು ಓದಿದಾರೆ?" ಅಂತ ಕೇಳಿದ. "ಬೆಡ್‌ಶೀಟು ಓದಿದಾರೆ. ಕಲೆ ನೋಡಿ ಯಾವ ಕಾಯಿಲೆ ಅಂತ ಹೇಳ್ತಾರೆ, ನಿಮ್ಮನೆಯದೂ ಕಳಿಸಿ" ಅಂದೆ. ಅದನ್ನು ಕೇಳಿ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಾಲ್ಕರಲ್ಲಿ ಒಂದೂ ಒಂದು ಸಾಲು ಬರೆಯಲಿಲ್ಲ. ಆಸ್ಪತ್ರೆಯ ಜಾಹೀರಾತು ಮಾತ್ರ ಪ್ರತಿ ತಿಂಗಳೂ ಬರುತ್ತಿತ್ತು.

ಇನ್ನು ಕೇಳು, ಅದರ ಹಿಂದಿನ ವಾರ ಇಂಥದ್ದೇ ಚರ್ಚೆಗೆ ಇನ್ನೊಂದು ಪುಸ್ತಕ ಬಂದಿತ್ತು. ಒಬ್ಬ ಹಾಸಿಗೆ ಕಂಪನಿಯ ಮಾಲೀಕ, ಚೆನ್ನಾಗಿ ನಿದ್ದೆ ಮಾಡಿ ಬದುಕಿನಲ್ಲಿ ಗೆಲ್ಲುವುದು ಹೇಗೆ ಅಂತ ಬರೆದದ್ದು. ಅದರ ಬಗ್ಗೆ ಆರು ಪತ್ರಿಕೆಯಲ್ಲಿ ಬಂದಿದೆ. ಆರರಲ್ಲೂ ಒಂದೇ ಫೋಟೊ, ಒಂದೇ ಪ್ಯಾರಾ, ಅವನ ಕಂಪನಿಯವರೇ ಬರೆದು ಹಂಚಿದ್ದು. ಆ ಪುಟ ಉಳಿಯಿತು! ಅವನು ಮಾರುವ ಹಾಸಿಗೆಗೆ ಜಾಗವಿದೆ, ಅದರ ಮೇಲಿನ ರಕ್ತ ಒಗೆದವಳಿಗಿಲ್ಲ. ಹೀಗೇ ಬರೆದೆ ಜರಡಿಗೆ. ಅಚ್ಚಿನ ಯಂತ್ರ ಯಾರದ್ದೋ ಅವರ ಕೆಮ್ಮಿಗೂ ಸಾಕ್ಷಿಯಿರುತ್ತದೆ, ನಮ್ಮವರ ಸುಟ್ಟ ಕೈಗೆ ಇರುವುದಿಲ್ಲ. ಯಾರನ್ನು ಮುಚ್ಚಿಟ್ಟರೋ ಅವರನ್ನೇ ಹಿಡಿದು ನಿಮಗೇಕೆ ಸಾಕ್ಷಿಯಿಲ್ಲ ಎಂದು ಕೇಳುವ ನಿಯಮ ಯಾವ ಸೀಮೆ ನಿಯಮ, ಅಂದೆ. ಅವನು ಅರ್ಧ ಗಂಟೆ ಬಿಟ್ಟು ಬರೆದ: "ನೀವು ಹೇಳೋದು ನಿಜ ಮೇಡಂ. ಆ ಹಾಸಿಗೆಯವನ ಪುಟ ಅಳಿಸ್ಬೇಕು ಅಂತ ಕೇಳಿದ್ದೂ ನಾನೇ, ಸೋತೆ. ಆದ್ರೆ ನಿಮಗೊಬ್ರಿಗೆ ನಿಯಮ ಸಡಿಲ ಮಾಡಿದ್ರೆ ನಾಳೆ ಅವನ ಹತ್ತು ಪುಸ್ತಕ ಬಂದು ಕೂರುತ್ತೆ." ಜಗಳಕ್ಕೆ ಗಟ್ಟಿಯಾಗಿ ನಿಲ್ಲದ ಮನುಷ್ಯನ ಹತ್ತಿರ ಜಗಳವಾಡುವುದು ಎಷ್ಟು ಕಷ್ಟ ಗೊತ್ತಾ ನಿನಗೆ?

ಇಲ್ಲಿಯವರೆಗೆ ಬರೆದು ಎದ್ದುಹೋಗಿ ಮೂರು ಪುಸ್ತಕಕ್ಕೆ ರಟ್ಟು ಕತ್ತರಿಸಿ ಬಂದೆ. ಇನ್ನು ಕತ್ತರಿಸಲಿಕ್ಕೆ ರಟ್ಟಿಲ್ಲ. ಹೇಳಲೇಬೇಕು.

ಎರಡನೆಯ ಆಕರ ಇತ್ತು. ಇದೆ ಅಂತ ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. ಈ ಕೋಣೆಯ ಕಪಾಟಿನಲ್ಲೇ ಇದೆ. ಆಗ ನಮ್ಮ ದುಡಿಯುವವರ ಸಂಘ ತರುತ್ತಿದ್ದ ಮಾಸಿಕದ ಸಂಪುಟ, ನಾನೇ ಹೊಲಿದದ್ದು. ಅದರಲ್ಲಿ ಎರಡೂವರೆ ಪುಟದ ವಿಮರ್ಶೆ. ಬರೆದವರ ಹೆಸರು 'ಮೂರನೆಯವನು'. ನಿನಗೆ ಅದರ ಕಡೆಯ ಸಾಲು ಬಾಯಿಪಾಠ ಇದೆ, ನನಗೂ ಇದೆ: 'ಇಲ್ಲಿ ಹದಿನೇಳು ಜೊತೆ ಕೈಗಳಿವೆ, ಒಂದು ತಲೆಯೂ ಇಲ್ಲ, ಇದು ದೂರಿನ ಅರ್ಜಿ, ಪುಸ್ತಕವಲ್ಲ.'

ಭಾನುವಾರ ನೀನು ಫೋನ್ ಇಟ್ಟ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಆ ಎರಡೂವರೆ ಪುಟದ ಚಿತ್ರ ತೆಗೆದು ಚರ್ಚೆಗೆ ಹಾಕಿಬಿಟ್ಟೆ. ಈಗ ಬೆಳಿಗ್ಗೆ ನೋಡಿದರೆ ಜರಡಿ ಬರೆದಿದ್ದಾನೆ: "ವಿಸ್ತಾರವಾಗಿದೆ, ಅಚ್ಚಿನಲ್ಲಿದೆ. ಇಷ್ಟು ಕೆಟ್ಟದಾಗಿ ಬರೆದವರು ಲೇಖಕಿಯ ಕಡೆಯವರಾಗಿರೋಕೆ ಸಾಧ್ಯವೇ ಇಲ್ಲ. ಪುಟ ಉಳಿಸಬಹುದು." ಅವನ ಹಿಂದೆ ಇನ್ನಿಬ್ಬರು ಹೌದು ಹೌದು ಅಂದಿದ್ದಾರೆ. ಶುಕ್ರವಾರ ಸಂಜೆ ಚರ್ಚೆ ಮುಚ್ಚುತ್ತದೆ. ನಿನ್ನ ಪುಸ್ತಕ ಉಳಿಯಿತು. ಉಳಿಸಿದ್ದು ಆ ಸಾಲು.

ಆ ಮೂರನೆಯವನು ನಾನು ಕಣೇ.

ಮಾಸಿಕ ನಡೆಸುತ್ತಿದ್ದ ಮೇಷ್ಟ್ರು ಅಲ್ಲ. ಮೂವತ್ತೊಂದು ವರ್ಷ ನೀನು ಅವರನ್ನೇ ಶಂಕಿಸಿದೆ, ಎದುರು ಸಿಕ್ಕರೆ ರಸ್ತೆ ದಾಟಿದೆ. ಅವರು ಬಾಯಿಬಿಡಲಿಲ್ಲ. ವಿಮರ್ಶಕರ ನಿಜ ಹೆಸರು ಯಾರಿಗೂ ಹೇಳಬಾರದು ಅನ್ನುವುದು ನಮ್ಮ ಮಾಸಿಕದ ಕಟ್ಟಳೆ. ಆ ಮನುಷ್ಯ ಅದನ್ನು ಪ್ರಾಣ ಹೋಗುವವರೆಗೂ ಪಾಲಿಸಿದರು. ಅವರು ಸತ್ತ ದಿನ ಬಾ ಅಂತ ನಿನ್ನನ್ನು ಕರೆದೆ. ನೀನು "ಬರಲ್ಲ" ಅಂದೆ. ಇನ್ನೊಂದು ಸಲ ಕರೆಯಲಿಲ್ಲ ನಾನು. ನೀನು ಬರದೇ ಇದ್ದದ್ದೇ ನನಗೆ ನಿರಾಳವಾಗಿತ್ತು.

ಯಾಕೆ ಬರೆದೆ ಅಂತ ಕೇಳುತ್ತೀ. ಸಂಘದ ಅವತ್ತಿನ ಸಭೆ ನೆನಪು ಮಾಡಿಕೋ. ನಮ್ಮವರ ಪುಸ್ತಕವನ್ನು ನಾವೇ ಬೇರೆಯವರಿಗಿಂತ ಬಿಗಿಯಾಗಿ ಜಾಲಾಡಬೇಕು, ಬೆನ್ನು ತಟ್ಟುವ ಸಂಘ ನಮ್ಮದಲ್ಲ ಅಂತ ಗಂಟಲು ಹರಿಯುವಂತೆ ಕೂಗಿದ್ದೆವು. ನೀನೂ ಕೂಗಿದ್ದೆ. ಮೇಷ್ಟ್ರು ನಿನ್ನ ಪುಸ್ತಕವನ್ನು ನನ್ನ ಕೈಗಿಟ್ಟು "ಗೆಳತಿ ಅಂತ ಮೆತ್ತಗೆ ಬರೀಬೇಡಮ್ಮ" ಅಂದರು. ಅಷ್ಟೇ ಸಾಕಾಯಿತು. ಗೆಳತಿಯ ಪರ ಅನ್ನಿಸಿಕೊಳ್ಳಬಾರದು ಅಂತ ಒಂದೊಂದು ಸಾಲನ್ನೂ ಮಸೆದು ಮಸೆದು ಬರೆದೆ. ಇದು ಅರ್ಧ ನಿಜ. ಉಳಿದರ್ಧ ಇನ್ನೂ ಹೊಲಸು. ನಾನು ಅದುವರೆಗೆ ಸಾವಿರಾರು ಪುಸ್ತಕ ಹೊಲಿದಿದ್ದೆ, ಒಂದನ್ನೂ ಬರೆದಿರಲಿಲ್ಲ. ನೀನು ಆಸ್ಪತ್ರೆಯ ಹಳೆಯ ಚಾರ್ಟುಗಳ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದದ್ದನ್ನು ಓದಿದಾಗ ನನ್ನ ಹೊಟ್ಟೆಯೊಳಗೆ ಕಿಚ್ಚು ಹತ್ತಿತ್ತು. ಅದನ್ನೇ ತತ್ವ ಅಂದುಕೊಂಡೆ.

ಅದಾದ ಮೇಲೆ ನೀನು ಒಂದಕ್ಷರ ಬರೆಯಲಿಲ್ಲ. ಪಾಳಿ ಜಾಸ್ತಿ, ಮಗಳು ಚಿಕ್ಕವಳು ಅಂತ ಹೇಳುತ್ತಿದ್ದೆ. ನಾನು ತಲೆಯಾಡಿಸುತ್ತಿದ್ದೆ, ನೀನು ಮಾಡಿದ ಟೀ ಕುಡಿಯುತ್ತಾ.

ಈಗ ಸಂಗತಿ ಹೀಗಿದೆ. ನಾನು ಬಾಯಿಗೆ ಬೀಗ ಹಾಕಿಕೊಂಡರೆ ಪುಟ ಉಳಿಯುತ್ತದೆ. 'ಮೂರನೆಯವನು' ನಾನೇ, ಪುಸ್ತಕ ಹೊಲಿದವಳೇ, ಗೆಳತಿಯೇ ಎಂದು ಹೇಳಿದರೆ ಅದು ಸ್ವತಂತ್ರ ಆಕರವಲ್ಲ, ಪುಟ ಹೋಗುತ್ತದೆ. ಈ ಕಾಗದ ಗುರುವಾರ ನಿನ್ನ ಕೈ ಸೇರುತ್ತದೆ. ಶುಕ್ರವಾರ ಸಂಜೆಯೊಳಗೆ ಒಂದು ಫೋನ್ ಮಾಡು. ಹೇಳು ಅಂದರೆ ಹೇಳುತ್ತೇನೆ, ಸುಮ್ಮನಿರು ಅಂದರೆ ಸುಮ್ಮನಿರುತ್ತೇನೆ. ನಿನ್ನ ಪುಸ್ತಕ, ನಿನ್ನ ಮಾತು.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದೆ. ಕೇಳುವ ಮುಖ ಇಲ್ಲ.

ಇಷ್ಟು ವರ್ಷ ನಿನಗೆ ಅಂಟಿಕೊಂಡೇ ಇದ್ದವಳು,
ಗೋಂದು

ಮರೆತದ್ದು: ಸಹಿ ಮಾಡಿದ ಮೇಲೆ ಮತ್ತೊಮ್ಮೆ ಓದಿದೆ. 'ನಿನ್ನ ಪುಸ್ತಕ, ನಿನ್ನ ಮಾತು' ಅಂತೆ! ಎಂಥ ಕಳ್ಳಿ ನೋಡು ನಾನು. ಸುಳ್ಳು ನನ್ನದು, ಅದನ್ನು ಇಟ್ಟುಕೊಳ್ಳುವ ಪಾಪ ನಿನ್ನ ತಲೆಗೆ. ಮಧ್ಯಾಹ್ನ ಒಂದೂಕಾಲಿಗೆ ಹೋಗಿ ಚರ್ಚೆಯಲ್ಲಿ ನನ್ನ ನಿಜ ಹೆಸರು ಹಾಕಿ ಎಲ್ಲ ಬರೆದೆ, ಆ ಸಾಲು ಬರೆದವಳು ನಾನು, ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು ಅಂತಲೂ ಬರೆದೆ. ಜರಡಿ ನಾಲ್ಕು ನಿಮಿಷಕ್ಕೆ ಉತ್ತರಿಸಿದ: "ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಇದು ಆಕರ ಆಗಲ್ಲ. ನನಗೂ ಬೇಸರ ಆಯ್ತು." ಶುಕ್ರವಾರ ಪುಟ ಅಳಿಸುತ್ತಾರೆ. ಆಮೇಲೆ ಅವನನ್ನು ಕೇಳಿದೆ, ಈ ಚರ್ಚೆಯನ್ನೂ ಅಳಿಸುತ್ತೀರಾ ಅಂತ. "ಇಲ್ಲ, ಅಳಿಸಿದ ಪುಟಗಳ ಚರ್ಚೆ ಯಾವತ್ತೂ ಅಳಿಸಲ್ಲ, ಯಾರು ಬೇಕಾದ್ರೂ ಓದಬಹುದು" ಅಂದ. ನಿನ್ನ ಹದಿನೇಳು ಅಧ್ಯಾಯದ ಹದಿನೇಳು ಹೆಂಗಸರ ಹೆಸರನ್ನು ಒಂದಾದ ಮೇಲೊಂದು ಅಲ್ಲಿ ಬರೆದು ಬಂದಿದ್ದೇನೆ.