ತುದಿಯಕ್ಷರದ ವಹಿ

ಜುಗೂಳ
೧೩ ಫೆಬ್ರುವರಿ ೧೯೯೨, ಗುರುವಾರ

ಚಿ. ಸೌ. ಕಸ್ತೂರಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಚಳಿಗಾಲದಲ್ಲಿ ನಿನಗೆ ಕೆಮ್ಮು ಬೇಗ ಹಿಡಿಯುತ್ತಿತ್ತು, ಈ ವರ್ಷ ಹೇಗಿದೆ? ಅಳಿಯಂದಿರು ಕ್ಷೇಮವೇ? ಕೂಸು ಹೇಗಿದೆ? ಕೂಸಿನ ಸುದ್ದಿ ನನಗೆ ಯಾರು ಹೇಳಿದರೆಂದು ತಲೆ ಕೆಡಿಸಿಕೊಳ್ಳಬೇಡ, ಯಾರೂ ಹೇಳಿಲ್ಲ. ಹೇಗೆ ತಿಳಿಯಿತೆಂದು ಮುಂದೆ ಬರೆಯುತ್ತೇನೆ. ಇಲ್ಲಿ ನಿನ್ನ ಅವ್ವನ ಮಂಡಿನೋವು ಇದ್ದಂತೆಯೇ ಇದೆ. ನನ್ನ ಕನ್ನಡಕದ ನಂಬರು ಏರಿದೆ, ಸಿಟ್ಟು ಇಳಿದಿದೆ. ನಾಲ್ಕು ವರ್ಷದ ಮೇಲೆ ಬಂದ ಕಾಗದವನ್ನು ನೀನು ಒಡೆಯದೆ ಎಸೆದರೂ ನಾನು ಏನೂ ಅನ್ನುವ ಹಾಗಿಲ್ಲ. ಒಡೆದಿದ್ದರೆ ದಯವಿಟ್ಟು ಪೂರ್ತಿ ಓದು.

ವಿಷಯ ಇದು. ನಮ್ಮ ಪದಪಟ್ಟಿ ಪುಸ್ತಕವಾಗುತ್ತಿದೆ. ಪದಬಂಧ ರಚಿಸುವವರಿಗೂ ಬಿಡಿಸುವವರಿಗೂ ಉಪಯೋಗವಾದೀತೆಂದು ನಿಪ್ಪಾಣಿಯ ಮುದ್ರಕರೊಬ್ಬರು ಮುನ್ನೂರು ಪ್ರತಿ ಹಾಕಲು ಒಪ್ಪಿದ್ದಾರೆ. ‘ನಮ್ಮ’ ಎಂದು ಬರೆದೆ, ಆದರೆ ಕರಡಿನ ಮೊದಲ ಪುಟದಲ್ಲಿ ಇರುವುದು ನನ್ನ ಹೆಸರೊಂದೇ. ಅದು ಸುಳ್ಳು ಎಂದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನ ಹೆಸರು ಹಾಕುತ್ತೇನೆಂದು ಬಾಯಿ ತೆಗೆದಿದ್ದೇ ತಡ, ನಿನ್ನ ದೊಡ್ಡಪ್ಪ ಸಿದರಾಯ ಅಡ್ಡ ನಿಂತರು. ‘ಆಕೀ ಹೆಸರ ಅಚ್ಚಾತಂದ್ರ ನಾ ನಿನ್ನ ಹೊಸ್ತಿಲಾ ತುಳಿಯಾಂಗಿಲ್ಲ ನೋಡ ಮುರಗ್ಯಾ’ ಎಂದು ಹೇಳಿಹೋಗಿ ವಾರವಾಯಿತು. ನಮ್ಮಿಬ್ಬರ ಕಬ್ಬಿನ ಹೊಲಕ್ಕೆ ಬದು ಒಂದೇ, ಹೊಳೆಯಿಂದ ನೀರೆತ್ತುವ ಮೋಟರು ಒಂದೇ. ಅಣ್ಣನನ್ನು ಬಿಟ್ಟು ಬದುಕಿ ನನಗೆ ರೂಢಿಯಿಲ್ಲ. ಹೀಗಾಗಿ ಕರಡು ಮೇಜಿನ ಮೇಲೆ ಬಿದ್ದೇ ಇದೆ.

ಬೆಳಗಾವಿಯ ವಾರಪತ್ರಿಕೆಗೆ ನಾನು ಗೂಢ ಪದಬಂಧ ಕಟ್ಟಿಕೊಡಲು ಶುರು ಮಾಡಿದಾಗ ನಿನಗೆ ಹದಿನಾಲ್ಕು. ಉತ್ತರವನ್ನು ಸುಳಿವಿನ ಮಾತಿನೊಳಗೇ ಮುಚ್ಚಿಡುವುದು ನನಗೆ ಸಲೀಸು. ಆದರೆ ಚೌಕಗಳನ್ನು ತುಂಬುತ್ತ ಕೆಳಗಿನ ಮೂಲೆಗೆ ಬಂದಾಗ ಸಿಕ್ಕಿಬೀಳುತ್ತಿದ್ದೆ. ನಾಲ್ಕಕ್ಷರದ ಶಬ್ದ ಬೇಕು, ಕೊನೆಯದು ‘ಳಿ’ ಆಗಬೇಕು. ನಿಘಂಟು ಎಷ್ಟು ಮಗುಚಿದರೂ ಸಿಗದು. ನೀನು ರೊಟ್ಟಿ ಮುರಿಯುತ್ತಲೇ ಹೇಳಿದೆ: ‘ಅಪ್ಪಾ, ನಿಘಂಟ ಮುಂದಿನಕ್ಷರದಿಂದ ಐತಿ, ನಿನ್ನ ಕೈಯಾಗ ಇರೋದು ಹಿಂದಿನಕ್ಷರ. ಹಿಂದಿನಿಂದ ಒಂದು ಬರಕೊಂಡ್ರ ಆತಲ್ಲ.’ ನನಗೆ ಹೊಳೆಯದ್ದು ನಿನಗೆ ಹೊಳೆಯಿತಲ್ಲ ಎಂದು ನಾನು ಆ ದಿನ ಮುಖ ಊದಿಸಿಕೊಂಡಿದ್ದೂ ನೆನಪಿದೆ. ಎಂಟು ವರ್ಷ ನೀನು ಆ ದಪ್ಪ ರಟ್ಟಿನ ವಹಿಯಲ್ಲಿ ಎರಡಕ್ಷರದವು, ಮೂರಕ್ಷರದವು ಎಂದು ಬೇರೆ ಮಾಡಿ, ತುದಿಯಕ್ಷರದ ಪ್ರಕಾರ ಶಬ್ದ ತುಂಬುತ್ತ ಹೋದೆ. ನಮ್ಮ ಗಡಿಭಾಗದಲ್ಲಷ್ಟೇ ನಡೆಯುವ ಮಾತಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಮನೆಯಲ್ಲಿ ಆಡು, ಪದಬಂಧಕ್ಕೆ ಹಾಕಬೇಡ ಎಂದು ಅದರ ಅರ್ಥ.

ಆ ವಹಿ ಈಗ ಇಲ್ಲ. ೧೯೮೮ರ ಜನವರಿಯಲ್ಲಿ ನೀನು ಚಿಕ್ಕೋಡಿಯಲ್ಲಿ ಜ್ಞಾನದೇವ ಮಾಸ್ತರರನ್ನು ರಿಜಿಸ್ಟರ್ ಮದುವೆಯಾದ ಸುದ್ದಿ ಬಂದಾಗ ನಾನು ಬೆಲ್ಲದ ಗಾಣದಲ್ಲಿದ್ದೆ. ಅವರು ಬೌದ್ಧರು, ನಮ್ಮ ಜಾತಿಯವರಲ್ಲ; ನನ್ನ ತಕರಾರು ಅಷ್ಟೇ ಆಗಿತ್ತು, ಆಗ ನಾನು ಹೇಳಿದ ಬೇರೆಲ್ಲ ಕಾರಣಗಳು ನೆವ. ಮನೆಗೆ ಹೋಗಿ ನಿನ್ನ ಪೆಟ್ಟಿಗೆ ತೆಗೆದೆ, ಸೀರೆಗಳನ್ನು ಮುಟ್ಟಲಿಲ್ಲ, ವಹಿಯನ್ನು ತಂದು ಕೊಪ್ಪರಿಗೆಯ ಕೆಳಗಿನ ಒಲೆಗೆ ಒಗೆದೆ. ನಿನಗೆ ಯಾವುದು ಹೆಚ್ಚು ನೋಯುತ್ತದೆಂದು ಯೋಚಿಸಿಯೇ ಆರಿಸಿದ್ದೆ. ಒಲೆಗೆ ಕಬ್ಬಿನ ಒಣಗರಿಯ ರವದಿ ತುಂಬುತ್ತಿದ್ದ ಭರಮು, ‘ಸಾವಕಾರ್ರ, ರಟ್ಟ ದಪ್ಪ ಐತಿ, ಲಗೂ ಉರಿಯಾಂಗಿಲ್ರಿ’ ಅಂದ. ಹೌದು, ಬಹಳ ಹೊತ್ತು ಉರಿಯಿತು, ನಾನು ನಿಂತು ನೋಡಿದೆ. ತಪ್ಪು ಮಾಡಿದೆನವ್ವಾ. ಇದನ್ನು ಹೇಳುವುದಕ್ಕೇ ಈ ಕಾಗದ, ಪುಸ್ತಕ ಒಂದು ನೆಪ.

ಶಿಕ್ಷೆ ಎರಡೇ ತಿಂಗಳಲ್ಲಿ ಸಿಕ್ಕಿತು. ಮೂರಕ್ಷರಕ್ಕೆ ‘ಖಿಡಕಿ’ ಎಂದು ಹಾಕಿಬಿಟ್ಟೆ. ಹುಟ್ಟಿದಾಗಿನಿಂದ ಖಿಡಕಿ ತೆರೆದು ಗಾಳಿ ತೆಗೆದುಕೊಂಡವನಿಗೆ ಅದು ಮರಾಠಿಯಿಂದ ಬಂದ ಮಾತೆಂದು ಹೊಳೆಯಲೇ ಇಲ್ಲ. ಇದು ಯಾವ ಕನ್ನಡ ಎಂದು ಮೈಸೂರು ಕಡೆಯ ಓದುಗರೊಬ್ಬರು ಸಂಪಾದಕರಿಗೆ ಬರೆದರು. ಸಂಪಾದಕರು ಆ ಕಾಗದವನ್ನೂ ಆ ತಿಂಗಳು ಬಂದ ಉತ್ತರದ ಕಾರ್ಡುಗಳ ಕಟ್ಟನ್ನೂ ನನಗೆ ಕಳಿಸಿದರು. ಕಟ್ಟಿನಲ್ಲಿ ‘ಚಿಕ್ಕೋಡಿಯ ಓದುಗರು’ ಎಂದಷ್ಟೇ ಸಹಿಯಿದ್ದ ಒಂದು ಕಾರ್ಡಿತ್ತು. ಅಕ್ಷರ ನಾನೇ ಕೈಹಿಡಿದು ತಿದ್ದಿಸಿದ್ದು, ಗುರುತು ಹತ್ತದೇ ಇರುತ್ತದೆಯೇ? ಉತ್ತರಗಳೆಲ್ಲ ಸರಿ, ಖಿಡಕಿಯ ಪಕ್ಕದಲ್ಲಿ ಒಂದು ಚುಕ್ಕೆ. ನೀನು ಬೈದಿದ್ದೆಯೋ ಮಾತಾಡಿಸಿದ್ದೆಯೋ ನನಗೆ ತಿಳಿಯಲಿಲ್ಲ, ಆದರೆ ಆ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ದಿನವಿಡೀ ಹೊಲ ತಿರುಗಿದೆ. ಆಮೇಲೆ ಸಂಪಾದಕರು ಕಳಿಸುವ ಕಟ್ಟಿನಲ್ಲಿ ವಾರಕ್ಕೊಂದರಂತೆ ನಿನ್ನ ಕಾರ್ಡುಗಳು ಬರುತ್ತಲೇ ಇವೆ. ಎಲ್ಲವನ್ನೂ ದಾರ ಕಟ್ಟಿ ಇಟ್ಟಿದ್ದೇನೆ.

ಆ ವಾರವೇ ಪಟ್ಟಿಯನ್ನು ಮತ್ತೆ ಕಟ್ಟಲು ಕೂತೆ. ನಿಘಂಟಿನ ಒಂದೊಂದೇ ಪುಟ ಓದುವುದು, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ತುದಿಯಕ್ಷರದ ಪ್ರಕಾರ ಇಳಿಸುವುದು. ನಿಘಂಟಿನಲ್ಲಿ ಇರದ ಮನೆಮಾತನ್ನು ನಿನ್ನ ಅವ್ವ ಕೊಟ್ಟಳು. ಓದು ಬರಹ ಇಲ್ಲದಿದ್ದರೂ ಅಕ್ಷರ ಎಣಿಸುವುದರಲ್ಲಿ ಅವಳು ನಮ್ಮಿಬ್ಬರಿಗಿಂತ ಚುರುಕು. ಜೋಳ ಹಸನು ಮಾಡುತ್ತ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ, ‘ಹುರಕ್ಕಿ ಹೋಳಗಿ, ಆರು. ಬರಕೋರಿ’ ಅನ್ನುತ್ತಾಳೆ. ಒಂದು ಸಲವೂ ತಪ್ಪಿಲ್ಲ. ಹೋದ ಆಷಾಢದಲ್ಲಿ ಆರು ವಾರ ನಿನ್ನ ಕಾರ್ಡು ಬರಲಿಲ್ಲ. ನನಗೆ ಅನ್ನ ಸೇರಲಿಲ್ಲ. ಯಾರನ್ನು ಕೇಳಲಿ? ನಿನ್ನ ಹೆಸರು ಈ ಮನೆಯಲ್ಲಿ ಎತ್ತಬಾರದೆಂದು ಅಪ್ಪಣೆ ಮಾಡಿದವನೇ ನಾನು. ಆ ದಿನಗಳಲ್ಲಿ ನಿನ್ನ ಅವ್ವ ಬರೆಸಿದ ಶಬ್ದಗಳನ್ನು ನೋಡು: ತೊಟ್ಟಿಲ, ಕುಂಚಗಿ, ಬಜಿ, ಅಂಟಿನುಂಡಿ. ಎಲ್ಲ ಕೂಸಿಗೂ ಬಾಣಂತಿಗೂ ಬೇಕಾಗುವವೇ. ಇಷ್ಟು ವರ್ಷ ಸುಳಿವು ಬರೆದವನಿಗೆ ಇಷ್ಟು ದೊಡ್ಡ ಸುಳಿವು ತಿಳಿಯದೇ? ಜೋಡಕುರಳಿಯ ತನ್ನ ತಂಗಿಯ ಮನೆಗೆಂದು ಹೋದ ನಿನ್ನ ಅವ್ವ ಚಿಕ್ಕೋಡಿಯಲ್ಲಿ ಇಳಿದಿದ್ದಾಳೆ ಎಂದು ಅರ್ಥವಾಯಿತು. ನಾನು ತೆಪ್ಪಗೆ ಬರೆದುಕೊಂಡೆ, ಅವಳು ತೆಪ್ಪಗೆ ಜೋಳ ಆರಿಸಿದಳು.

ಕೂಸು ಹೆಣ್ಣೋ ಗಂಡೋ ನನಗಿನ್ನೂ ಗೊತ್ತಿಲ್ಲ. ಅವ್ವ ಅದಕ್ಕೆ ಶಬ್ದ ಕೊಟ್ಟಿಲ್ಲ, ಕೇಳಲು ನನಗೆ ಮುಖವಿಲ್ಲ. ಕಾಗದದ ಜೊತೆ ಕರಡಿನ ಕೆಲವು ಪುಟಗಳ ನಕಲು ಇಟ್ಟಿದ್ದೇನೆ, ಚುಕ್ಕೆ ಬೇಕಾದಲ್ಲಿ ಇಟ್ಟು ಕಳಿಸು. ಅದು ನನ್ನಿಂದ ಆಗದ ಕೆಲಸ. ಮೊದಲ ಪುಟದ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಅಣ್ಣನ ಮುಖ ನೆನೆದರೆ ಕೈ ಹಿಂಜರಿಯುತ್ತದೆ, ನಿನ್ನ ಕಾರ್ಡುಗಳನ್ನು ನೋಡಿದರೆ ನಾಚಿಕೆಯಾಗುತ್ತದೆ. ಒಲೆಗೆ ಒಗೆಯುವಾಗ ಇದ್ದ ಧೈರ್ಯ ಹೆಸರು ಬರೆಯುವಾಗ ಇಲ್ಲ. ಅರವತ್ತೊಂದರ ಅಪ್ಪ ಇಷ್ಟು ಅಂಜುಬುರುಕ ಎಂದು ನೀನು ತಿಳಿದಿರುವುದೂ ಒಳ್ಳೆಯದೇ. ನಾಳೆ ಕರಡು ಒಪ್ಪಿಸಲು ನಿಪ್ಪಾಣಿಗೆ ಹೋಗಬೇಕು, ಈ ಕಾಗದವನ್ನು ಅಲ್ಲಿಯೇ ಟಪಾಲಿಗೆ ಹಾಕುತ್ತೇನೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಕೂಸಿನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ ಅಪ್ಪ
ಮುರಗೆಪ್ಪ

ತಾ.ಕ.: ಇದನ್ನು ನಿಪ್ಪಾಣಿಯ ಛಾಪಖಾನೆಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಪೆನ್ನು ಅವರದು. ಅಚ್ಚಿನ ಮೊಳೆ ಜೋಡಿಸುವ ತುಕಾರಾಮ ಮೊದಲ ಪುಟ ಮುಂದಿಟ್ಟು, ‘ಹೆಸರ ಒಂದ ಸಾಕೇನ್ರಿ?’ ಎಂದು ಕೇಳಿದ. ನನ್ನದನ್ನು ಕೆಳಗೆ ಇಳಿಸು, ಮೇಲೆ ಇನ್ನೊಂದು ಬರಬೇಕು ಎಂದೆ. ‘ಸೌ. ಕಸ್ತೂರಿ ಜ್ಞಾನದೇವ ಕಾಂಬಳೆ’ ಎಂದು ಪೂರ್ತಿ ಬರೆದುಕೊಟ್ಟೆ. ಅಡ್ಡಹೆಸರು ಓದಿ ಅವನು ನನ್ನ ಮುಖ ನೋಡಿದ. ‘ಯಾರ್ರಿ ಇವ್ರು?’ ಅಂದ. ನನ್ನ ಮಗಳು ಅಂದೆ. ಪುಸ್ತಕ ಇಪ್ಪತ್ತನಾಲ್ಕಕ್ಕೆ ಯಂತ್ರಕ್ಕೆ ಏರುತ್ತದೆ. ನಿನಗೆ ಬೇಡವೆನಿಸಿದರೆ ಅಷ್ಟರೊಳಗೆ ಒಂದು ಕಾರ್ಡು ಹಾಕು, ತೆಗೆಸುತ್ತೇನೆ. ಬೇರೆ ಯಾರು ಹೇಳಿದರೂ ತೆಗೆಸುವುದಿಲ್ಲ.