ಹಳೆ ಟಿ.ವಿ.ಗಳ ಕೆಪಾಸಿಟರ್

ಇತಾಉಗುವಾ,
ಜನವರಿ ೧೯, ೨೦೧೧

ಪ್ರೀತಿಯ ನಿಮಿಯಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಕಡಲಾಚೆಯ ಮಾಲಗಾದ ಚಳಿಯಲ್ಲಿ ನೀನು ನೋಡಿಕೊಳ್ಳುವ ಆ ಮುದುಕರ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿರುವಾಗ, ನಾನಿಲ್ಲಿ ಚಡ್ಡಿ ಹಾಕಿಕೊಂಡು ಮಾವಿನ ಮರದ ಕೆಳಗೆ ತಣ್ಣನೆಯ ಎಲೆಕಷಾಯ ತೆರೆರೆ ಹೀರುತ್ತಾ ಬರೆಯುತ್ತಿದ್ದೇನೆ ಎಂದರೆ ನಿನಗೆ ಹೊಟ್ಟೆ ಉರಿಯಬಹುದು. ಉರಿಯಲಿ, ಸ್ವಲ್ಪ ಬೆಚ್ಚಗಾದರೂ ಆಗುತ್ತದೆ. ನನ್ನ ಕೆಮ್ಮು ಬಹಳ ಇಳಿದಿದೆ. ಇದ್ದಿಲ ಕುಲುಮೆಯ ಹತ್ತಿರ ನಾನು ಹೋಗುತ್ತಿಲ್ಲ, ಡಾಕ್ಟರಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಪಕ್ಕದ ಬೀದಿಯ ದೆಲ್ಮಿರಾ ಇವತ್ತು ಸಂಜೆ ನೀನಿರುವ ಊರಿಗೆ ಹೊರಟಿದ್ದಾಳೆ. ಈ ಕಾಗದವನ್ನೂ ಒಂದು ಕಟ್ಟು ಚಿಪಾ ರೊಟ್ಟಿಯನ್ನೂ ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅಮ್ಮನ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಯಾವ ಕೆಪಾಸಿಟರ್ ಬೇಕು ಅಂತ ಸರಿಯಾಗಿ ಬರೆದು ಕಳಿಸು, ಮುದುಕರ ಮಗನ ಅಂಗಡಿಯಲ್ಲಿ ತರಿಸಿಕೊಡುತ್ತೇನೆ ಎಂದು ನೀನು ಹೇಳಿದ್ದೆ. ನಿನ್ನ ಆತುರ ನನಗೆ ಗೊತ್ತು. ಹೊಗೆಯಿಲ್ಲದೆ ನನ್ನ ಕಬ್ಬಿಣ ಕೆಂಪಾದ ದಿನ ನೀನು ಊರಿಗೆ ಹೊರಡುವುದು ಎಂದು ನಾವು ಮಾತಾಡಿಕೊಂಡಿದ್ದೆವಲ್ಲ. ಅದಕ್ಕೇ ನಾನೂ ಆತುರಪಟ್ಟು ಕೆಟ್ಟೆ. ಕರೆಂಟಿನಲ್ಲಿ ಕಬ್ಬಿಣ ಕಾಯಿಸುವ ಯಂತ್ರಕ್ಕೆ ಮೊದಲು ಹಾಕಿದ್ದು ಫ್ಯಾನಿನ ಕೆಪಾಸಿಟರ್‌ಗಳನ್ನು. ಮೈಮೇಲೆ ಬರೆದಿದ್ದ ವೋಲ್ಟೇಜ್ ನೋಡಿದೆ, ಅಳತೆ ನೋಡಿದೆ, ಸಾಕು ಅಂದುಕೊಂಡೆ. ಯಂತ್ರ ಹಚ್ಚಿದ ಸ್ವಲ್ಪ ಹೊತ್ತಿಗೇ ಅವು ಊದಿಕೊಂಡವು. ಅತ್ತೆ ತನ್ನ ಕುರ್ಚಿಯಲ್ಲೇ ಕೂತು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು: "ಅಳಿಯಂದ್ರೇ, ನಿಮ್ ಕೋಳಿ ಮೊಟ್ಟೆ ಇಡೋಕ್ ಕೂತೈತೆ, ಓಡ್ಬನ್ನಿ!" ಓಡಿಬರುವುದರೊಳಗೆ ಒಂದು ಢಬ್ ಎಂದು ಒಡೆದು ಎಣ್ಣೆ ಕಾರಿತು. ಆಮೇಲೆ ಗಡಿಯ ಪೇಟೆಯಿಂದ ದೊಡ್ಡದೊಂದು ತಂದೆ. ಎತ್ತಿದರೆ ಹಗುರ. ಸುಟ್ಟ ಮೇಲೆ ಕೊಯ್ದು ನೋಡಿದರೆ ದೊಡ್ಡ ಡಬ್ಬಿಯೊಳಗೆ ಬೆರಳು ಗಾತ್ರದ್ದೊಂದು ಕೂತಿತ್ತು. ಅದನ್ನು ನೋಡಿ ಅತ್ತೆಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ಬೆಂಕಿ ಇಲ್ದೆ ಕಬ್ಣ ಕಾಯಿಸ್ತಾರಂತೆ! ಹಿಟ್ಟಿಲ್ದೆ ಚಿಪಾನೂ ಸುಟ್ಬಿಡಿ, ಇಬ್ರೂ ತಿನ್ನೋಣ!"

ನಾನು ಮಾಡಿದ ತಪ್ಪು ಇಷ್ಟೇ ನಿಮಿಯಾ. ಕೆಪಾಸಿಟರ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ನೋಡಿದೆನೇ ಹೊರತು, ಎಷ್ಟು ಕರೆಂಟ್ ಹೊರುತ್ತದೆ ಎಂದು ನೋಡಲಿಲ್ಲ. ಗೋಡೆಯಿಂದ ಬರುವ ಕರೆಂಟ್ ಸ್ವಲ್ಪವೇ. ಆದರೆ ತಾಮ್ರದ ಸುರುಳಿಗೂ ಕೆಪಾಸಿಟರಿಗೂ ನಡುವೆ ಕ್ಷಣಕ್ಕೆ ಸಾವಿರಾರು ಸಲ ಹೋಗಿ ಬರುವ ಕರೆಂಟ್ ಅದರ ಹತ್ತಾರು ಪಟ್ಟು. ಅಷ್ಟನ್ನೂ ಒಂದರ ಮೇಲೇ ಹೇರಿದರೆ ಎಷ್ಟು ಒಳ್ಳೆಯದಾದರೂ ಒಳಗೇ ಬೆಂದುಹೋಗುತ್ತದೆ. ಸಣ್ಣ ಸಣ್ಣವನ್ನು ಎರಡು ತಾಮ್ರದ ಪಟ್ಟಿಗಳ ನಡುವೆ ಸಾಲಾಗಿ ಬೆಸೆದು ಹಂಚಿಬಿಡಬೇಕು. ಅಂಥವು ಎಲ್ಲಿವೆ ಎಂದು ಹುಡುಕಿದರೆ, ನಮ್ಮ ಬೀದಿಯಲ್ಲೇ ಇದ್ದವು. ಹೋದ ವರ್ಷದ ವಿಶ್ವಕಪ್ಪಿಗೆ ಎಲ್ಲರೂ ತೆಳು ಟಿ.ವಿ. ತಂದು ಹಳೆ ಡಬ್ಬಾಗಳನ್ನು ಹಿತ್ತಲಿಗೆ ಎಸೆದಿದ್ದರಲ್ಲ, ಆ ಒಂದೊಂದರಲ್ಲೂ ಇಂಥ ಕೆಲಸಕ್ಕೆ ಪಳಗಿದ ಪ್ಲಾಸ್ಟಿಕ್ ಪದರದ ಕೆಪಾಸಿಟರ್ ಇರುತ್ತದೆ. ಮನೆಮನೆಗೆ ಹೋಗಿ ಬಿಚ್ಚಿ ತಂದೆ. ಅಳತೆ ಹೊಂದುವವನ್ನು ಮಾತ್ರ ಆರಿಸಿದೆ. ಆದರೂ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿಯಿತು, ಉಳಿದವು ಕೈಯಿಡಲಾಗದಷ್ಟು ಕಾಯುತ್ತಿದ್ದವು. ಬೀದಿಯಲ್ಲಿ ಬಿಚ್ಚದ ಹಳೆ ಟಿ.ವಿ. ಎಂದರೆ ನಿನ್ನ ಅಮ್ಮನದೊಂದೇ. ಕೇಳಿ ಬೈಸಿಕೊಂಡೆ. "ನನ್ ಧಾರಾವಾಹೀಲಿ ಆ ಹುಡ್ಗಿಗೆ ಮದ್ವೆ ಆಗ್ಲಿ, ಆಮೇಲ್ ಬಿಚ್ಕೊಳ್ಳಿ. ಅಲ್ಲೀವರ್ಗೂ ಈ ಕಡೆ ತಲೆ ಹಾಕಿದ್ರೆ ಕೈ ಮುರೀತೀನಿ!"

ಕಳೆದ ವಾರ ಅದನ್ನೂ ಬಿಚ್ಚಿದೆ. ಆ ಹುಡುಗಿಗೆ ಇನ್ನೂ ಮದುವೆಯಾಗಿರಲಿಲ್ಲ.

ಯಂತ್ರ ಈಗ ನಡೆಯುತ್ತಿದೆ ನಿಮಿಯಾ. ಹೊಗೆಯಿಲ್ಲ, ಕಿಡಿಯಿಲ್ಲ, ಸುರುಳಿಯೊಳಗೆ ಇಟ್ಟ ಸರಳು ತಾನಾಗಿಯೇ ಕೆಂಪಗೆ, ಆಮೇಲೆ ಹಳದಿಗೆ ತಿರುಗಿತು. ಮೂರು ವರ್ಷ ನಾವು ಕಾದದ್ದು ಇದಕ್ಕೇ. ಕುಣಿಯಬೇಕಿತ್ತು, ಸುತ್ತಿಗೆ ಹಿಡಿದುಕೊಂಡು ಅತ್ತುಬಿಟ್ಟೆ. ಇನ್ನೊಂದು ಮಾತು, ಬಹಳ ದಿನದಿಂದ ಮನಸ್ಸಿನಲ್ಲಿರುವುದು. ಈ ಮನೆಯ ಭಾರವನ್ನೆಲ್ಲ ನಿನ್ನೊಬ್ಬಳ ಮೇಲೇ ಹೇರಿದ್ದೇವೆ. ನೀನು ಬೇಯುತ್ತಿರುವುದು ಫೋನಿನಲ್ಲಿ ನನಗೆ ಗೊತ್ತಾಗುತ್ತದೆ. ಮಾರ್ಚಿನಲ್ಲಿ ವಾಸದ ಪರವಾನಗಿಯ ಕಾಗದ ಕೈಗೆ ಸಿಕ್ಕಿದ ಕೂಡಲೇ ಹೊರಟು ಬಾ. ಮತ್ತೆ ಹೋಗುವುದೋ ಬಿಡುವುದೋ ಆಮೇಲೆ ನೀನೇ ನಿರ್ಧರಿಸು.

ಕಾಕುಪೆಯ ಕನ್ಯಾಮಾತೆ ನಿನ್ನನ್ನು ಕಾಯಲಿ. ಮುದುಕರಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ ಮಾಡು.

ನಿನ್ನವನೇ ಆದ
ಫುಲ್ಹೆನ್ಸಿಯೊ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ದೆಲ್ಮಿರಾ ಬಾಗಿಲಲ್ಲಿ ನಿಂತಿದ್ದಾಳೆ. ಜನವರಿ ಆರರ ಮೂವರು ರಾಜರ ಹಬ್ಬದ ಮರುದಿನ ನಿನ್ನ ಅಮ್ಮ ಹೋದಳು. ಕುರ್ಚಿಯಲ್ಲಿ ಕೂತಂತೆಯೇ, ನೋವಿಲ್ಲದೆ. ಮಲಗಿದ್ದಾಳೆ ಎಂದು ಎರಡು ಭಾನುವಾರ ಫೋನಿನಲ್ಲಿ ನಿನಗೆ ಸುಳ್ಳು ಹೇಳಿದೆ. ಅವಳೇ ಮೊದಲು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು: "ಕಾಗ್ದ ಕೈಗೆ ಬರೋಕ್ಮುಂಚೆ ಅವ್ಳು ಓಡ್ಬಂದ್ರೆ ಆ ದೇಶ್ದೋರು ಮತ್ತೆ ಒಳಗ್ ಬಿಡಲ್ಲ. ನನ್ ಶಿಲುಬೆ ನೆಟ್ಮೇಲೆ ಹೇಳಿ." ಯಂತ್ರದಲ್ಲಿ ಮೊದಲು ಕೆಂಪಾದ ಕಬ್ಬಿಣ ಅವಳ ಶಿಲುಬೆಗೆ. ಒಂಬತ್ತನೇ ದಿನದ ಪ್ರಾರ್ಥನೆಗೆ ಸರಿಯಾಗಿ ನೆಟ್ಟೆ. ಶಿಲುಬೆಗೆ ಹೊದಿಸುವ ಬಟ್ಟೆಯನ್ನು ಅಕ್ಕಪಕ್ಕದವರು ತಂದರು, ನಾನು ಬೇಡ ಎಂದೆ. ಈ ಬೇಸಿಗೆಯಲ್ಲಿ ಅದು ಬರಿಮೈಯಲ್ಲಿ ನಿಂತಿದೆ. ಅಂಥ ಬಟ್ಟೆಗೆ ಹಾಕುವ ಜೇಡರಬಲೆಯಂಥ ಕಸೂತಿಯನ್ನು ಅವಳು ಕಲಿಸಿದ್ದು ನಿನಗೊಬ್ಬಳಿಗೇ. ಕೆಪಾಸಿಟರ್ ಕಳಿಸಬೇಡ ನಿಮಿಯಾ. ಬಿಳಿ ದಾರ ಕೊಂಡುಕೋ.