ಸತ್ತ ಗಂಡನಿಗೆ ಮತಪತ್ರ, ಬದುಕಿರುವ ಮಗನಿಗೆ ಸಂತಾಪ

ನಮ್ಮ ಕೌಂಟಿಯ ಮತದಾರರ ನೋಂದಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಹೋಸಿಯಾ ಗ್ಯಾಡ್ಸನ್ ಈ ಜುಲೈನಲ್ಲಿ ತೀರಿಕೊಂಡರು. ಅಕ್ಟೋಬರಿನಲ್ಲಿ ನಿಮ್ಮ ಕಚೇರಿ ಅವರ ಹೆಸರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. ನನ್ನ ಮಗನ ಹೆಸರೂ ಹೋಸಿಯಾ ಗ್ಯಾಡ್ಸನ್, ಕೊನೆಗೊಂದು ಜೂನಿಯರ್ ಇದೆ ಅಷ್ಟೆ, ಅದಕ್ಕೇ ಎಲ್ಲರಿಗೂ ಅವನು ಜೂನಿ. ಐವತ್ತು ದಾಟಿದ ಗಟ್ಟಿಮುಟ್ಟಾದ ಆಳು, ದೂರದೂರಿಗೆ ಟ್ರಕ್ ಓಡಿಸುತ್ತಾನೆ. ಅವನು ಸತ್ತಿದ್ದಾನೆಂದು ನಿಮ್ಮ ಕಚೇರಿ ತೀರ್ಮಾನಿಸಿ ಮತದಾರರ ಪಟ್ಟಿಯಿಂದ ಹೆಸರು ಹೊಡೆದುಹಾಕಿದೆ. ಹಾಗಾಗಿ ಈಗ ನಮ್ಮ ಮನೆಯಲ್ಲಿ ಮಣ್ಣು ಸೇರಿದವರು ಓಟು ಹಾಕಬಹುದು, ಉಸಿರಾಡುತ್ತಿರುವವನು ಹಾಕುವಂತಿಲ್ಲ. ಚುನಾವಣೆಯ ದಿನಕ್ಕೆ ಮುಂಚಿತವಾಗಿ ನಿಮ್ಮ ಕಚೇರಿಯಲ್ಲೇ ಮತ ಹಾಕಲು ಬರುವ ಶುಕ್ರವಾರವೇ ಕೊನೆಯ ದಿನ. ಶನಿವಾರ ಬೆಳಿಗ್ಗೆ ನನ್ನ ಮಗ ಸರಕು ತುಂಬಿಕೊಂಡು ಒಹಾಯೋ ಕಡೆ ಹೊರಟರೆ ಚುನಾವಣೆ ಮುಗಿದು ವಾರದ ತನಕ ಊರಿಗೆ ಬರುವುದಿಲ್ಲ. ನಿಮ್ಮ ಕೌಂಟರಿನ ಮುಂದೆ ನಿಂತು ಕೇಳಿದ್ದಾಯಿತು, ಫೋನಿನಲ್ಲಿ ಹಾಡು ಕೇಳುತ್ತಾ ಕಾದದ್ದೂ ಆಯಿತು. ಇನ್ನು ಊರೆಲ್ಲ ಓದುವ ಹಾಗೆ ನಮ್ಮ ಬುಧವಾರದ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ.

ಇದು ಹೇಗಾಯಿತೆಂದು ನಿಮಗಿಂತ ನಾನೇ ಹೆಚ್ಚು ತಲೆ ಕೆಡಿಸಿಕೊಂಡಿದ್ದೇನೆ. ಗಂಡ ಸತ್ತ ಸುದ್ದಿಯನ್ನು ನಿಮಗೆ ಮುಟ್ಟಿಸಿದವಳು ನಾನೇ. ಮರಣಪತ್ರದ ಪ್ರತಿ ಹಿಡಿದುಕೊಂಡು, ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ನನಗಿಂತ ಮೊದಲೇ ಇನ್ನೊಬ್ಬರೂ ಅದೇ ಸುದ್ದಿ ತಂದಿದ್ದರಂತೆ. ಒಂದೇ ವಿಳಾಸ, ಒಂದೇ ಹೆಸರು, ಇಬ್ಬರು ಗಂಡಸರು, ಒಂದು ಸಾವು. ಕಣ್ಣು ಮುಚ್ಚಿಕೊಂಡು ಬೆರಳಿಟ್ಟಿದ್ದರೂ ಅರ್ಧ ಪಾಲು ಸರಿಯಾಗುವ ಸಂಭವವಿತ್ತು. ಕಣ್ಣು ತೆರೆದುಕೊಂಡೇ ನಿಮ್ಮವರು ತಪ್ಪು ಹೆಸರಿನ ಮೇಲೆ ಬೆರಳಿಟ್ಟರು. ಹುಟ್ಟಿದ ವರ್ಷ ಅಲ್ಲೇ ಪಕ್ಕದಲ್ಲಿರುತ್ತದಲ್ಲ, ಅದನ್ನು ಓದುವ ಕೆಲಸ ನಿಮ್ಮ ಕಚೇರಿಯಲ್ಲಿ ಯಾರದು?

ಆ ಇನ್ನೊಬ್ಬರು ಯಾರೆಂದು ಹೇಳುತ್ತೇನೆ, ಅವರೇ ಒಪ್ಪಿಕೊಂಡಿರುವುದರಿಂದ ಮುಚ್ಚಿಡುವಂಥದ್ದೇನಿಲ್ಲ. ನಮ್ಮ ಬೇಲಿಯಾಚೆಯ ಡಾರ್ಲೀನ್ ಸ್ಟಬ್ಸ್. ಮತದಾರರ ಪಟ್ಟಿಯನ್ನು ಚೊಕ್ಕ ಮಾಡುತ್ತೇವೆಂದು ಓಡಾಡುವ ಗುಂಪೊಂದಿದೆಯಲ್ಲ, ಆಕೆ ಅದರಲ್ಲಿದ್ದಾಳೆ. ನನ್ನ ಗಂಡ ಹೋದ ದಿನ ಇಡೀ ಹ್ಯಾಮ್ ಬೇಯಿಸಿ ತಂದು ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆದವಳೂ ಆಕೆಯೇ. ಮಗನಿಗಾದದ್ದು ಗೊತ್ತಾದ ಮೇಲೆ ಬೇಲಿಯ ಹತ್ತಿರ ನಿಂತು ಕೇಳಿದೆ.

“ಡಾರ್ಲೀನ್, ನನ್ನ ಮಗನ ಹೆಸರು ಕೊಟ್ಟಿದ್ದು ನೀನಾ?”

“ಜೂನಿ ಹೆಸರನ್ನ ನಾನ್ಯಾಕೆ ಕೊಡ್ಲಿ ವರ್ಡೆಲ್? ನಿಮ್ಮ ಯಜಮಾನ್ರದ್ದು ಕೊಟ್ಟೆ. ಪೇಪರಲ್ಲಿ ಸಾವಿನ ಸುದ್ದಿ ಬಂದಿತ್ತಲ್ಲ, ಅದನ್ನ ಕತ್ತರಿಸಿ ಕೊಟ್ಟೆ. ಸತ್ತೋರ ಹೆಸ್ರಲ್ಲಿ ಯಾರೋ ಓಟು ಹಾಕ್ಬಾರ್ದು ಅಷ್ಟೆ. ಅದು ತಪ್ಪಾ?”

“ತಪ್ಪಲ್ಲ.”

“ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು?”

“ಹೆಸರು ಕೊಟ್ಟೆಯಲ್ಲ, ಯಾರನ್ನ ತೆಗೆದ್ರು ಅಂತ ಆಮೇಲೆ ಹೋಗಿ ನೋಡಿದ್ಯಾ?”

ಆಕೆ ಏಪ್ರನ್ನಿನ ಅಂಚು ಹಿಡಿದುಕೊಂಡು ನಿಂತಳು. ಆಕೆ ಕೆಟ್ಟವಳೆಂದು ನಾನು ಬರೆಯಲಾರೆ. ಕಸ ಗುಡಿಸುವ ಹುಮ್ಮಸ್ಸಿನಲ್ಲಿ ಮನೆಯವರನ್ನೂ ಹೊರಗೆ ಗುಡಿಸಿಬಿಟ್ಟರೆ ಏನಾಗುತ್ತದೆಂದು ಆಕೆಗೆ ಹೊಳೆದಿರಲಿಲ್ಲ. ಆದರೆ ಪೊರಕೆ ಇದ್ದದ್ದು ನಿಮ್ಮ ಕೈಯಲ್ಲಿ, ಸಂಬಳ ತೆಗೆದುಕೊಳ್ಳುವವರೂ ನೀವು. ಅದಕ್ಕೇ ಈ ಪತ್ರ ಬೇಲಿಯಾಚೆ ಹೋಗದೆ ನಿಮ್ಮ ಕಚೇರಿಗೆ ಬಂದಿದೆ.

ಕಳೆದ ವಾರ ಜೂನಿ ಮತ ಹಾಕಲೆಂದು ಬಂದಾಗ ನಾನೂ ಜೊತೆಗಿದ್ದೆ. ನಿಮ್ಮ ಕೌಂಟರಿನ ಹುಡುಗಿ ಒಳ್ಳೆಯವಳು, ಮಾತು ಜೇನಿನಂಥದು. ಲೈಸೆನ್ಸ್ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಅವನ ಮುಖ ನೋಡಿದಳು.

“ಸರ್, ನೀವು ತೀರ್ಕೊಂಡಿದೀರ ಅಂತ ತೋರಿಸ್ತಿದೆ.”

“ಯಾವಾಗಂತೆ?”

“ಜುಲೈನಲ್ಲಿ, ಸರ್.”

“ಜುಲೈನಲ್ಲಿ ನಾನು ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೆ ಮೇಡಂ. ಒಳಗೆ ಮಲಗಿರ್ಲಿಲ್ಲ.”

“ಅಯ್ಯೋ, ಬೇಜಾರಾಯ್ತು ಸರ್. ನಿಮ್ಮ ಕುಟುಂಬಕ್ಕೆ ನನ್ನ ಸಂತಾಪ.”

ಯಾರು ಸತ್ತದ್ದಕ್ಕೆ ಆ ಸಂತಾಪವೆಂದು ನನಗೆ ಈಗಲೂ ತಿಳಿದಿಲ್ಲ. ಆಮೇಲೆ ಅವಳು ನಿಯಮ ವಿವರಿಸಿದಳು. ಹೊಸದಾಗಿ ಹೆಸರು ಸೇರಿಸಬಹುದು, ಆದರೆ ಈ ಚುನಾವಣೆಗೆ ಗಡುವು ಮುಗಿದಿದೆ. ತಾತ್ಕಾಲಿಕ ಮತಪತ್ರವೊಂದನ್ನು ಕೊಡಬಹುದು, ಅದನ್ನು ಬೇರೆ ಲಕೋಟೆಯಲ್ಲಿಟ್ಟು ಮುಚ್ಚುತ್ತಾರೆ. ಚುನಾವಣೆಯಾದ ಮೂರು ದಿನದೊಳಗೆ ಜೂನಿ ಮತ್ತೆ ಖುದ್ದಾಗಿ ಬಂದು ತಾನು ಬದುಕಿದ್ದೇನೆಂದು ಸಾಬೀತುಪಡಿಸಿದರೆ ಅದನ್ನು ಎಣಿಸುತ್ತಾರೆ, ಇಲ್ಲವಾದರೆ ಇಲ್ಲ. “ಈಗ್ಲೇ ಸಾಬೀತು ಮಾಡ್ತೀನಲ್ಲ, ನಿಮ್ಮ ಮುಂದೆ ನಿಂತಿದೀನಿ,” ಎಂದ. “ಅದನ್ನ ನಾನು ತೀರ್ಮಾನ ಮಾಡೋ ಹಾಗಿಲ್ಲ ಸರ್,” ಎಂದಳು. ಮಾನ್ಯರೇ, ಅವನನ್ನು ಸಾಯಿಸುವಾಗ ಯಾರೂ ಅವನನ್ನು ಖುದ್ದಾಗಿ ಕರೆಸಲಿಲ್ಲ. ಬದುಕಿಸುವುದಕ್ಕೆ ಮಾತ್ರ ಅವನೇ ಬರಬೇಕು, ಅದೂ ಅವನು ಒಹಾಯೋದಲ್ಲಿರುವ ದಿನವೇ ಬರಬೇಕು. ಅವನ ಟ್ರಕ್ಕಿನ ನಂಬರ್ ಪ್ಲೇಟಿನ ಶುಲ್ಕ ಕಟ್ಟಿಸಿಕೊಳ್ಳುವ ಕಿಟಕಿ ನಿಮ್ಮದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿದೆ. ಅವನು ಸತ್ತ ಸುದ್ದಿ ಅಲ್ಲಿಗೆ ಇನ್ನೂ ಇಳಿದಿಲ್ಲ. ಬಿಲ್ಲು ಸರಿಯಾದ ದಿನಕ್ಕೆ ಬಂದಿದೆ.

ಈಗ ಆ ಹೆಸರಿನ ವಿಷಯ. ಮಗು ಹುಟ್ಟಿದಾಗ ಅವನಿಗೆ ನನ್ನ ಅಪ್ಪನ ಹೆಸರಿಡಬೇಕೆಂದು ನನ್ನ ಆಸೆಯಿತ್ತು. ಹೋಸಿಯಾ ಜಗ್ಗಲಿಲ್ಲ. ಅವರು ಪ್ರಾಯದಲ್ಲಿ ಪೆಕನ್ ಬೀಜ ಸುಲಿಯುವ ಕಾರ್ಖಾನೆಯ ಪಾಳಿ ಮುಗಿಸಿ, ಅಂಗಿ ಬದಲಿಸಿ, ಓಟಿಗೆ ಹೆಸರು ಬರೆಸಲು ನಿಮ್ಮ ಕಚೇರಿಯಿರುವ ಇದೇ ಕೋರ್ಟ್ ಕಟ್ಟಡಕ್ಕೆ ಬರುತ್ತಿದ್ದರು. ಕಪ್ಪು ಜನ ಬಾಗಿಲಿಗೆ ಬಂದ ಕೂಡಲೇ ಒಳಗಿನ ಗುಮಾಸ್ತ ‘ಊಟಕ್ಕೆ ಹೋಗಿದ್ದಾರೆ’ ಎಂಬ ಫಲಕ ತೂಗುಹಾಕುತ್ತಿದ್ದ. ಸಂಜೆಯಾದರೂ ಅವನ ಊಟ ಮುಗಿಯುತ್ತಿರಲಿಲ್ಲ. “ಅಷ್ಟು ಹೊತ್ತು ಉಣ್ಣೋ ಮನುಷ್ಯನ್ನ ನಾನು ಬೇರೆಲ್ಲೂ ನೋಡ್ಲಿಲ್ಲ, ಆದ್ರೂ ಸಣಕಲನಾಗೇ ಇದ್ದ,” ಎಂದು ಹೋಸಿಯಾ ಸಾಯುವವರೆಗೂ ಹೇಳಿ ನಗುತ್ತಿದ್ದರು. ಕಾನೂನು ಬದಲಾದ ಮೇಲೆ ಒಂದು ದಿನ ಅವನು ಫಲಕ ತೆಗೆದು, ಮಾತಾಡದೆ ದೊಡ್ಡ ಪುಸ್ತಕವನ್ನು ಇವರತ್ತ ತಳ್ಳಿದ. ಇವರು ಹೆಸರು ಬರೆದು ಬಂದರು. “ಬನ್ನಿ ಅಂತ ಒಬ್ರೂ ಅನ್ಲಿಲ್ಲ ವರ್ಡೆಲ್. ಆದ್ರೂ ಒಳಗೆ ಹೋದೆ,” ಎಂದು ಮದುವೆಗೆ ಮುಂಚೆ ನನಗೆ ಹೇಳಿದ್ದರು. ಮಗ ಹುಟ್ಟಿದಾಗ ಹಟ ಹಿಡಿದದ್ದು ಅದೇ ಕಾರಣಕ್ಕೆ. “ನನ್ನ ಹೆಸರೇ ಇರ್ಲಿ. ನಾನು ಹೋದ್ಮೇಲೂ ಆ ಪುಸ್ತಕದಲ್ಲಿ ಹೋಸಿಯಾ ಗ್ಯಾಡ್ಸನ್ ಅಂತ ಒಬ್ಬ ಇರ್ಬೇಕು. ಅಳಿಸೋಕೆ ಬಂದೋರು ಎರಡು ಸಲ ಯೋಚ್ನೆ ಮಾಡ್ಲಿ.” ಪುಣ್ಯಕ್ಕೆ ಅವರು ಇದನ್ನೆಲ್ಲ ನೋಡಲು ಇಲ್ಲ. ನೀವು ಒಂದು ಸಲವೂ ಯೋಚಿಸಲಿಲ್ಲ. ಹೆಸರು ಉಳಿಯಲಿ ಎಂದು ಅವರು ಮಾಡಿದ ಉಪಾಯವೇ ಮಗನ ಹೆಸರಿಗೆ ಮುಳುವಾಯಿತು.

ಹೋಸಿಯಾ ವಸಂತದಲ್ಲೇ, ಕಾಲು ನಿಲ್ಲದಾದಾಗ, ಈ ವರ್ಷದ ಮತಪತ್ರಗಳೆಲ್ಲ ಅಂಚೆಯಲ್ಲಿ ಬರಲೆಂದು ಬರೆದುಕೊಟ್ಟಿದ್ದರು. ಅದಕ್ಕೇ ಆ ಲಕೋಟೆ ಬಂದದ್ದು. ಕಳೆದ ಭಾನುವಾರ ಚರ್ಚ್ ಮುಗಿಸಿ ಊಟಕ್ಕೆ ಕೂತಾಗ ಅದು ಮೇಜಿನ ಮೇಲೆ, ಜೋಳದ ರೊಟ್ಟಿಯ ತಟ್ಟೆಯ ಪಕ್ಕದಲ್ಲಿತ್ತು. ನನ್ನ ಮೈದುನ ಲೀಮನ್ ಊರಿನ ಕ್ಷೌರಿಕ, ಕತ್ತರಿಗಿಂತ ಬಾಯಿ ಹರಿತ. ಅದನ್ನೆತ್ತಿ ಬೆಳಕಿಗೆ ಹಿಡಿದ.

“ಅತ್ತಿಗೆ, ಇದು ಯಾರಿಗೆ ಬಂದಿದೆ?”

“ಹೋಸಿಯಾ ಗ್ಯಾಡ್ಸನ್‌ಗೆ.”

“ಇಲ್ಲಿ ಕೂತು ಕೋಳಿ ಕಾಲು ಕಡೀತಿರೋನ ಹೆಸರೇನು?”

“ಚಿಕ್ಕಪ್ಪ, ಸುಮ್ನಿರು,” ಎಂದ ಜೂನಿ.

“ಯಾಕೆ ಸುಮ್ನಿರ್ಲಿ? ಹೆಸರು ಅದೇ, ಮನೆ ಅದೇ, ಸಹಿನೂ ಅಪ್ಪನ ಹಾಗೇ ಹಾಕ್ತೀಯ. ದೇವರಿಗೇ ವ್ಯತ್ಯಾಸ ಗೊತ್ತಾಗಲ್ಲ.”

ಲೀಮನ್ ತಮಾಷೆಗೆ ಹೇಳಿದ. ಆದರೆ ನಾನು, ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಮುದುಕಿ, ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಗಂಡನ ಪರ್ಸು ತಂದೆ, ಲಕೋಟೆಯ ಮೇಲೆ ನಂಬರ್ ಬರೆಯಲು ಬೇಕಾದ ಅವರ ಲೈಸೆನ್ಸ್ ಇನ್ನೂ ಅದರಲ್ಲೇ ಇತ್ತು. ಲಕೋಟೆಯ ಪಕ್ಕ ಪೆನ್ನು ಇಟ್ಟು, “ಹಾಕು,” ಎಂದೆ. “ಅವರು ನಿನ್ನ ಓಟು ಕಿತ್ಕೊಂಡಿದಾರೆ. ಇದು ನಿನ್ನ ಅಪ್ಪನದು. ತಗೋ.”

ಜೂನಿ ಕೈ ಒರೆಸಿಕೊಂಡು ಲಕೋಟೆಯನ್ನು ನನ್ನ ಕಡೆಗೇ ಸರಿಸಿದ.

“ಅಪ್ಪನ ಓಟು ಅಪ್ಪನ ಜೊತೆ ಹೋಯ್ತಮ್ಮ. ನನಗೆ ನನ್ನದು ಬೇಕಿತ್ತು. ಅದನ್ನ ಕೊಡಲ್ಲ ಅಂದ್ರೆ ಬಿಡು, ಇನ್ನು ಆ ಬಾಗಿಲಿಗೆ ನಾನು ಹೋಗಲ್ಲ. ಈ ಸಲ ಮಾತ್ರ ಅಲ್ಲ.”

ಬಟರ್ ಬೀನ್ಸ್ ಆರಿಹೋಯಿತು, ಯಾರೂ ಮತ್ತೆ ಬಡಿಸಿಕೊಳ್ಳಲಿಲ್ಲ.

ಟಿವಿಯಲ್ಲಿ ಒಂದು ಪಕ್ಷದವರು ಸತ್ತವರು ಓಟು ಹಾಕುತ್ತಿದ್ದಾರೆಂದು ಕೂಗುತ್ತಾರೆ, ಇನ್ನೊಂದು ಪಕ್ಷದವರು ಬದುಕಿರುವವರಿಗೆ ಹಾಕಲು ಬಿಡುತ್ತಿಲ್ಲವೆಂದು ಕೂಗುತ್ತಾರೆ. ಇಬ್ಬರೂ ಒಮ್ಮೆ ನನ್ನ ಮನೆಗೆ ಬಂದು ಊಟಕ್ಕೆ ಕೂರಲಿ, ಇಬ್ಬರ ವಾದಕ್ಕೂ ಬೇಕಾದದ್ದು ಒಂದೇ ಮೇಜಿನ ಮೇಲಿದೆ. ಕಳ್ಳ ಓಟು ಎಂಬುದು ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅದು ಎಷ್ಟು ಸುಲಭವೆಂದು ಭಾನುವಾರ ಪೆನ್ನು ತಂದಿಟ್ಟವಳಿಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ತಡೆದವರು ಯಾರು? ನಿಮ್ಮ ಕಚೇರಿಯಲ್ಲ, ಡಾರ್ಲೀನಳ ಗುಂಪೂ ಅಲ್ಲ. ನೀವು ಸತ್ತವನೆಂದು ಬರೆದಿರುವ ಮನುಷ್ಯ ತಡೆದ. ಒಬ್ಬ ಸತ್ತವನು ಓಟು ಹಾಕದಂತೆ ನೋಡಿಕೊಳ್ಳಲು ಬದುಕಿರುವ ಎಷ್ಟು ಮಂದಿಯನ್ನು ಹೂಳಬಹುದೆಂದು ನಿಮ್ಮಲ್ಲಿ ಏನಾದರೂ ಲೆಕ್ಕವಿದೆಯೇ? ಕೌಂಟಿ ಮಂಡಳಿಗೆ ನಮ್ಮ ಕಡೆಯಿಂದ ನಿಂತ ಕಮಿಷನರ್ ಕಳೆದ ಸಲ ಗೆದ್ದದ್ದು ಚರ್ಚಿನ ಒಂದು ಬೆಂಚಿನಲ್ಲಿ ಕೂರುವಷ್ಟು ಜನರ ಅಂತರದಿಂದ. ಆ ಬೆಂಚಿನಿಂದ ಯಾರನ್ನು ಎಬ್ಬಿಸಿದಿರಿ ಎಂಬುದು ಸಣ್ಣ ಮಾತಲ್ಲ. ನೀವು ಬೇಕೆಂದೇ ಮಾಡಿದಿರಿ ಎಂದು ನಾನು ಆರೋಪಿಸುತ್ತಿಲ್ಲ. ಬೇಕೆಂದೇ ಮಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೆ. ಗೊತ್ತಿಲ್ಲದೆ ಮಾಡಿ, ತಪ್ಪೆಂದು ತಿಳಿದ ಮೇಲೂ ನಿಯಮದ ಹಿಂದೆ ಕೂತಿದ್ದೀರಲ್ಲ, ಅದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಹಿಂದಿನ ಗುಮಾಸ್ತನಿಗೆ ಕೊನೆಗಾದರೂ ಊಟ ಮುಗಿಯಿತು.

ಒಂದು ಓಟು ಹೋಯಿತೆಂಬ ದುಃಖಕ್ಕಿಂತ ಜೂನಿ ‘ಇನ್ನು ಹೋಗಲ್ಲ’ ಎಂದನಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ. ಅವನು ಹಟ ಮಾಡುವವನಲ್ಲ. ಒಂದು ಮಾತು ಆಡಿದರೆ ಆಡಿದಂತೆಯೇ, ಅದರಲ್ಲಿ ಅಪ್ಪನ ಪಡಿಯಚ್ಚು. ಹೆದರಿಸಿ, ಕಾಯಿಸಿ, ಬಾಗಿಲು ಹಾಕಿ ಅವರಪ್ಪನಿಂದ ಆ ಮಾತು ಹೊರಡಿಸಲು ಆಗಿರಲಿಲ್ಲ. ಮಗನಿಂದ ಅದನ್ನು ಹೊರಡಿಸಲು ಜೇನಿನಂಥ ಮಾತೇ ಸಾಕಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ಗಂಡನನ್ನು ನೆಮ್ಮದಿಯಾಗಿ ಸಾಯಲು ಬಿಡಿ. ನನ್ನ ಮಗನನ್ನು ಪಟ್ಟಿಗೆ ವಾಪಸು ಸೇರಿಸಿ, ಶುಕ್ರವಾರ ಬಾಗಿಲು ಹಾಕುವುದರೊಳಗೆ. ತಪ್ಪು ನಿಮ್ಮದಾದ್ದರಿಂದ ಓಡಾಟವೂ ನಿಮ್ಮದೇ ಆಗಲಿ. ಶುಕ್ರವಾರ ಬೆಳಿಗ್ಗೆ ನಾನಂತೂ ಬರುತ್ತೇನೆ, ಅದೇ ಟೋಪಿ ಹಾಕಿಕೊಂಡು, ತೆರೆಯದ ಆ ಲಕೋಟೆಯನ್ನು ನಿಮ್ಮ ಕೈಗೇ ಕೊಡಲು. ಜೂನಿ ಜೊತೆಗೆ ಬರುತ್ತಾನೋ ಇಲ್ಲವೋ ನಾನು ಹೇಳಲಾರೆ, ನನ್ನ ಮಾತಿಗೆ ಅವನು ಬರುವುದಿಲ್ಲ. ಗುರುವಾರ ರಾತ್ರಿ ಅವನು ಊರಿಗೆ ಬಂದಿರುತ್ತಾನೆ, ಫೋನ್ ನಂಬರ್ ನಿಮ್ಮ ಕೆಳಗಿನ ಅಂತಸ್ತಿನವರ ಬಳಿ ಇದೆ. ನೀವೇ ಕರೆ ಮಾಡಿ. ‘ಹೋಸಿಯಾ ಗ್ಯಾಡ್ಸನ್ ಅವರೇ, ನಿಮ್ಮ ಹೆಸರು ಪುಸ್ತಕದಲ್ಲಿದೆ, ಬನ್ನಿ,’ ಎನ್ನಿ. ಆ ಕಟ್ಟಡದಿಂದ ಆ ಹೆಸರಿನ ಯಾರಿಗೂ ಈವರೆಗೆ ಒಬ್ಬರೂ ಬನ್ನಿ ಎಂದಿಲ್ಲ.

ಇಂತಿ,
ಒಬ್ಬ ಹೋಸಿಯಾ ಗ್ಯಾಡ್ಸನ್‌ನನ್ನು ಹೆತ್ತವಳು, ಇನ್ನೊಬ್ಬರನ್ನು ಮಣ್ಣು ಮಾಡಿದವಳು,
ವರ್ಡೆಲ್ ಗ್ಯಾಡ್ಸನ್
(ನಿಮ್ಮ ಪಟ್ಟಿಯ ಪ್ರಕಾರ, ಈ ಪತ್ರ ಬರೆಯುವ ಹೊತ್ತಿಗೆ, ಇನ್ನೂ ಬದುಕಿರುವವಳು)